ಇಂಗ್ಲಿಷ್ ಸಾಲಿನ ಮೇಲೆ ಪೆನ್ಸಿಲಿನ ಕನ್ನಡ

ಬೆಂಗಳೂರಿನಲ್ಲಿ ಎರಡು ದಿನ ನಡೆದ ಇಂಗ್ಲಿಷ್ ಅಧ್ಯಾಪಕರ ಸಮ್ಮೇಳನಕ್ಕೆ ನಾನು ಹೊರಟಾಗ ನನ್ನ ಚೀಲದಲ್ಲಿ ಒಂದು ಜೊತೆ ಬಟ್ಟೆಯೊಂದಿಗೆ ಎಂಟನೆಯ ತರಗತಿಯ ಮಕ್ಕಳಿಂದ ಕೇಳಿ ಪಡೆದ ನಾಲ್ಕು ಪಠ್ಯಪುಸ್ತಕಗಳಿದ್ದವು. ಆ ಪುಸ್ತಕಗಳ ಬಹುತೇಕ ಪುಟಗಳಲ್ಲಿ, ಅಚ್ಚಾದ ಇಂಗ್ಲಿಷ್ ಸಾಲಿನ ನೆತ್ತಿಯ ಮೇಲೆ, ಪೆನ್ಸಿಲಿನಿಂದ ಬರೆದ ಪುಟ್ಟ ಕನ್ನಡ ಅಕ್ಷರಗಳಿದ್ದವು. ಒಬ್ಬ ಹುಡುಗ 'ವಾಕ್ಡ್' ಎಂಬಲ್ಲಿ 'ವಾಕೆಡ್' ಎಂದು ಬರೆದಿದ್ದ. ಇನ್ನೊಬ್ಬಳು 'ಕ್ನೈಫ್' ಎಂದು ಬರೆದು, ನಾನು ತರಗತಿಯಲ್ಲಿ ಓದಿದ್ದನ್ನು ಕೇಳಿದ ಮೇಲೆ ಒಂದು ಅಕ್ಷರವನ್ನು ಹೊಡೆದುಹಾಕಿ 'ನೈಫ್' ಎಂದು ತಿದ್ದಿಕೊಂಡಿದ್ದಳು. ಕನ್ನಡ ಮಾಧ್ಯಮದ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದವರಿಗೆ ಇದೇನೂ ಹೊಸದಲ್ಲ. 14 ವರ್ಷಗಳ ಕಾಲ ನಾನು ಇದನ್ನು ಕಂಡಾಗಲೆಲ್ಲ ಗದರಿಸಿದ್ದೇನೆ, ಕೆಲವೊಮ್ಮೆ ರಬ್ಬರನ್ನು ಕೈಗೆ ಕೊಟ್ಟು ಅಳಿಸುವವರೆಗೂ ಪಕ್ಕದಲ್ಲಿಯೇ ನಿಂತಿದ್ದೇನೆ. ಸಮ್ಮೇಳನದಲ್ಲಿ ನಾನು ಮಂಡಿಸಬೇಕಾಗಿದ್ದ ಪ್ರಬಂಧದ ವಿಷಯವೂ ಅದೇ ಆಗಿತ್ತು: ಈ ಪೆನ್ಸಿಲ್ ಬರಹವನ್ನು ಹೇಗೆ ಬಿಡಿಸುವುದು?

ಸಮ್ಮೇಳನದ ದಿನಗಳನ್ನು ಕರ್ತವ್ಯದ ದಿನಗಳೆಂದೇ ಪರಿಗಣಿಸುವ ಓ.ಓ.ಡಿ. ಸೌಲಭ್ಯಕ್ಕಾಗಿ ಅಲೆದದ್ದು, ನೋಂದಣಿ ಶುಲ್ಕವನ್ನು ಕೈಯಿಂದಲೇ ಕಟ್ಟಿದ್ದು, ಉದ್ಘಾಟನೆ ಒಂದೂವರೆ ಗಂಟೆ ತಡವಾದದ್ದು, ಇವನ್ನೆಲ್ಲ ವಿವರಿಸಿ ಓದುಗರನ್ನು ದಣಿಸುವುದಿಲ್ಲ. ಮೊದಲ ದಿನದ ಆಶಯ ಭಾಷಣ ಕೃತಕ ಬುದ್ಧಿಮತ್ತೆಯನ್ನು ಕುರಿತದ್ದಾಗಿತ್ತು. ಈಗ ಎಲ್ಲ ಸಮ್ಮೇಳನಗಳಲ್ಲಿಯೂ ಅದೇ ಇರುತ್ತದೆಯಂತೆ.

ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಅಂದಿನ ಮಧ್ಯಾಹ್ನದ ಕಾರ್ಯಾಗಾರ. ಅದು ಭಾಷಾಬೋಧನೆಯ ವಿದ್ವಾಂಸರಾದ ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆದ, ಜಗತ್ತಿನ ಭಾಷಾಬೋಧಕರೆಲ್ಲ 'ಬೆಂಗಳೂರು ಪ್ರಾಜೆಕ್ಟ್' ಎಂದು ಕರೆಯುವ ಪ್ರಯೋಗವನ್ನು ಕುರಿತದ್ದಾಗಿತ್ತು. ಆ ಪ್ರಯೋಗದ ನೆಲೆ, 1963ರಲ್ಲಿ ಸ್ಥಾಪನೆಯಾದ, ಬೆಂಗಳೂರಿನ ನಮ್ಮ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ. ವ್ಯಾಕರಣವನ್ನು ಪಾಠವಾಗಿ ಹೇಳಿಕೊಡದೆ, ತಲೆ ಓಡಿಸಿ ಬಿಡಿಸಬೇಕಾದ ಒಂದು ಕೆಲಸವನ್ನು ಮಕ್ಕಳಿಗೆ ಕೊಟ್ಟರೆ, ಅವರ ಗಮನವೆಲ್ಲ ಅರ್ಥದ ಮೇಲಿರುವಾಗ ಭಾಷೆಯ ರಚನೆ ತಾನಾಗಿ ಒಳಗೆ ಇಳಿಯುತ್ತದೆ ಎಂಬುದು ಅದರ ಹಿಂದಿದ್ದ ನಂಬಿಕೆ. ಅಲ್ಲಿ ಬಳಸಿದ ಕೆಲಸಗಳಲ್ಲಿ ರೈಲಿನ ವೇಳಾಪಟ್ಟಿ ಪ್ರಸಿದ್ಧವಾದದ್ದು. ಸಂಪನ್ಮೂಲ ವ್ಯಕ್ತಿಗಳು ನಮ್ಮನ್ನೇ ಮಕ್ಕಳಂತೆ ಕೂರಿಸಿ, ಇಬ್ಬಿಬ್ಬರಿಗೆ ಒಂದೊಂದು ವೇಳಾಪಟ್ಟಿ ಹಂಚಿ, ಇಂತಿಷ್ಟು ಹೊತ್ತಿಗೆ ಇಂಥ ಊರನ್ನು ತಲುಪಬೇಕಾದವನು ಯಾವ ರೈಲು ಹಿಡಿಯಬೇಕು, ಅದು ತಪ್ಪಿದರೆ ಮುಂದಿನ ದಾರಿ ಯಾವುದು ಎಂದು ಕೇಳಿದರು. ಎರಡು ನಿಮಿಷವೂ ಆಗಿರಲಿಲ್ಲ, ಕೋಣೆಯ ಅರ್ಧ ಭಾಗ ಕನ್ನಡದಲ್ಲಿ ವಾದಿಸುತ್ತಿತ್ತು. "ಅದು ಅಲ್ಲಿ ನಿಲ್ಲೋದೇ ಇಲ್ಲ ಮೇಡಂ, ಸರಿಯಾಗಿ ನೋಡಿ" ಎಂದು ನನ್ನ ಜೊತೆಯವರು ಬೆರಳಿಟ್ಟು ತೋರಿಸುತ್ತಿದ್ದರು. ಲೆಕ್ಕ ಬಿಗಿಯಾದೊಡನೆ ಇಪ್ಪತ್ತು ವರ್ಷ ಇಂಗ್ಲಿಷ್ ಕಲಿಸಿದವರೂ ತಮ್ಮ ಭಾಷೆಗೆ ಹೊರಳುತ್ತಾರೆ ಎಂಬುದನ್ನು ಕಂಡಾಗ, ಚೀಲದಲ್ಲಿದ್ದ ಆ ನಾಲ್ಕು ಪುಸ್ತಕಗಳು ನನಗೆ ನೆನಪಾದವು.

ಮರುದಿನ ಊಟದ ನಂತರ ಸಮಾನಾಂತರ ಗೋಷ್ಠಿಯಲ್ಲಿ ನನ್ನ ಸರದಿ ಬಂದಿತು. ಹದಿನೈದು ನಿಮಿಷವೆಂದು ಹೇಳಿದ್ದು ಹತ್ತಕ್ಕೆ ಇಳಿದಿತ್ತು. ಎರಡನೆಯ ಪುಟಕ್ಕೆ ಬಂದವಳು ಒಂದು ಪದದ ಬಳಿ ನಿಂತೆ. ನಮ್ಮಲ್ಲಿ ಹಲವರು 'ಪ್ರೊನೌನ್ಸಿಯೇಷನ್' ಎಂದು ತಪ್ಪಾಗಿ ಹೇಳುವ ಆ ಪದದ ಮೇಲೆ, ವೇದಿಕೆಯಲ್ಲಿ ಎಡವಬಾರದೆಂದು, ಹಿಂದಿನ ರಾತ್ರಿ ನಾನೇ ಪೆನ್ಸಿಲಿನಿಂದ 'ನನ್' ಎಂದು ಕನ್ನಡದಲ್ಲಿ ಬರೆದುಕೊಂಡಿದ್ದೆ. ಹೇಳಬೇಕೋ ಬೇಡವೋ ಎಂದು ಒಂದು ಕ್ಷಣ ಯೋಚಿಸಿ, ಹಾಳೆಯನ್ನೇ ಎತ್ತಿ ಸಭೆಗೆ ತೋರಿಸಿದೆ. ಸಭೆ ನಕ್ಕಿತು, ಪ್ರಬಂಧದ ಉಳಿದ ಭಾಗವನ್ನು ಓದುವ ಅಗತ್ಯವೇ ಬೀಳಲಿಲ್ಲ, ಏಕೆಂದರೆ ಅಲ್ಲಿಂದಲೇ ಚರ್ಚೆ ಆರಂಭವಾಯಿತು.

ಕಲಬುರಗಿಯ ಕಡೆಯ ಉರ್ದು ಶಾಲೆಯ ಅಧ್ಯಾಪಕರೊಬ್ಬರು ತಮ್ಮ ಮಕ್ಕಳೂ ಹೀಗೆಯೇ ಉರ್ದುವಿನಲ್ಲಿ ಬರೆದುಕೊಳ್ಳುತ್ತಾರೆಂದೂ, ಆ ಬರವಣಿಗೆಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಗುರುತಿಸದಿರುವುದರಿಂದ 'ಬಿಟ್', 'ಬಟ್', 'ಬೆಟ್' ಮೂರೂ ಒಂದೇ ರೀತಿ ಕಾಣುತ್ತವೆಂದೂ ಹೇಳಿದರು. ತಮಿಳುನಾಡಿನಿಂದ ಬಂದಿದ್ದವರು, ತಮಿಳಿನಲ್ಲಿ ಪಕಾರ ಬಕಾರಗಳಿಗೆ ಒಂದೇ ಅಕ್ಷರ, ಕಕಾರ ಗಕಾರಗಳಿಗೂ ಒಂದೇ ಅಕ್ಷರವಿರುವುದರಿಂದ 'ಬ್ಯಾಗ್' ಮತ್ತು 'ಪ್ಯಾಕ್' ಒಂದೇ ಆಗಿಬಿಡುತ್ತವೆ ಎಂದರು. ಅವರ ಮುಂದೆ ಕನ್ನಡದ ಮಕ್ಕಳು ಅದೃಷ್ಟವಂತರು. 'ಶಿಪ್' ಬೇರೆ, 'ಶೀಪ್' ಬೇರೆ. 'ಪೆನ್' ಬೇರೆ, 'ಪ್ಯಾನ್' ಬೇರೆ. ಆದರೂ ಒದ್ದೆ ಎಂಬ ಅರ್ಥದ ಪದಕ್ಕೂ ಪಶುವೈದ್ಯ ಎಂಬ ಅರ್ಥದ ಪದಕ್ಕೂ ನಮ್ಮಲ್ಲಿ ಇರುವುದು ಒಂದೇ 'ವೆಟ್'.

ಈ ಮಾತುಗಳ ನಡುವೆ ನನ್ನ ಪ್ರಶ್ನೆಯೇ ತಲೆಕೆಳಗಾಗಿತ್ತು ಎಂದು ಅನ್ನಿಸಿತು. ಬರೆದಂತೆ ಓದುವ, ಓದಿದಂತೆ ಬರೆಯುವ ಲಿಪಿಯಲ್ಲಿ ಅಕ್ಷರಾಭ್ಯಾಸ ಮಾಡಿದ ಮಗು, ಓ, ಯು, ಜಿ, ಎಚ್ ಎಂಬ ಅದೇ ನಾಲ್ಕು ಅಕ್ಷರಗಳು 'ದೋ', 'ಟಫ್', 'ಥ್ರೂ' ಎಂದು ಮೂರು ಬಗೆಯಾಗಿ ಉಚ್ಚಾರವಾಗುವುದನ್ನು ಕಂಡು ತನ್ನ ಲಿಪಿಯ ಆಸರೆ ಹುಡುಕಿದರೆ ಅದು ಸೋಮಾರಿತನವಲ್ಲ. 2007-08ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಇದ್ದರೂ ಎಂಟನೆಯ ತರಗತಿಯಲ್ಲಿ ಪೆನ್ಸಿಲ್ ನಿಂತಿಲ್ಲ ಎಂದರೆ, ಏಳು ವರ್ಷಗಳಲ್ಲಿ ನಾವು ಬೇರೆ ಆಸರೆಯನ್ನು ಕೊಟ್ಟಿಲ್ಲ ಎಂದೇ ಅರ್ಥ. ತೊಂದರೆ ಇರುವುದು ಇಡೀ ಸಾಲನ್ನು ಕನ್ನಡದಲ್ಲಿ ಬರೆದುಕೊಳ್ಳುವುದರಲ್ಲಿ; ಆಗ ಕಣ್ಣು ಕೆಳಗಿನ ಇಂಗ್ಲಿಷಿನತ್ತ ಇಳಿಯುವುದೇ ಇಲ್ಲ, ಮಗು ಗಟ್ಟಿಯಾಗಿ ಓದುವುದು ತನ್ನ ಪೆನ್ಸಿಲ್ ಬರಹವನ್ನೇ. 'ಅತ್ಯುತ್ತಮ ವಿಧಾನ' ಎಂಬುದೊಂದಿಲ್ಲ, ತನ್ನ ಕಲಿಸುವಿಕೆಯಿಂದ ಕಲಿಕೆ ಹೇಗೆ ಹುಟ್ಟುತ್ತದೆ ಎಂಬುದರ ಬಗ್ಗೆ ಅಧ್ಯಾಪಕನಿಗೆ ಇರುವ ಅರಿವು ಜೀವಂತವಾಗಿರುವುದು ಮುಖ್ಯ ಎಂದು ಪ್ರಭು 1990ರಲ್ಲಿ ವಾದಿಸಿದ್ದರು. ಬಿ.ಇಡ್.ನಲ್ಲಿ ಪರೀಕ್ಷೆಗಾಗಿ ಓದಿದ್ದ ಆ ಮಾತು ನನಗೆ ಅರ್ಥವಾದದ್ದು ಆ ಸಂಜೆ.

ಸೋಮವಾರ ಪುಸ್ತಕಗಳನ್ನು ಹಿಂದಿರುಗಿಸಿ ಹೊಸ ನಿಯಮ ಹೇಳಿದೆ. ಓದಲು ಬಾರದ ಪದದ ಮೇಲೆ ಮಾತ್ರ ಕನ್ನಡದಲ್ಲಿ ಬರೆದುಕೊಳ್ಳಬಹುದು, ಸಾಲಿನ ಮೇಲೆ ಕೂಡದು. ಪದ ಬಾಯಿಗೆ ಬಂದ ದಿನ ತಾವಾಗಿಯೇ ಅಳಿಸಬೇಕು. ಮೊದಲ ವಾರ ಕೆಲವರು ಪ್ರತಿ ಪದವೂ ಬಾರದ ಪದವೇ ಎಂದು ಸಾಧಿಸಿದರು, ನಿಜ. ಎರಡನೆಯ ವಾರ ಪುಟಗಳು ನಿಧಾನವಾಗಿ ತಿಳಿಯಾದವು. 'ನೈಫ್' ಎಂದು ತಿದ್ದಿಕೊಂಡಿದ್ದ ಹುಡುಗಿಯ ಪುಟದಲ್ಲಿ ಮಾತ್ರ 'ಐಲ್ಯಾಂಡ್' ಎಂಬುದು ಉಳಿದೇ ಇತ್ತು. ಪದ ಬರುತ್ತದೆಯಲ್ಲ, ಏಕೆ ಅಳಿಸಿಲ್ಲ ಎಂದು ಕೇಳಿದೆ.

"ಓದೋಕೆ ಬರುತ್ತೆ ಮೇಡಂ. ಆದ್ರೆ ಆ ಎಸ್ ಅಲ್ಲಿ ಯಾಕಿದೆ?"

ಉತ್ತರ ನನಗೂ ಗೊತ್ತಿರಲಿಲ್ಲ. ಮನೆಗೆ ಹೋಗಿ ನಿಘಂಟು ನೋಡಿ ಬಂದು ಹೇಳಿದೆ: ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕೆ ಎಸ್ ಇರಲಿಲ್ಲ, ಕೆಲವು ಶತಮಾನಗಳ ಹಿಂದೆ ಲ್ಯಾಟಿನ್ ಮೂಲದ ಇನ್ನೊಂದು ಪದಕ್ಕೆ ಇದು ಸಂಬಂಧಿಸಿದ್ದೆಂದು ತಪ್ಪಾಗಿ ತಿಳಿದು ಸೇರಿಸಿದರು.

"ಹಾಗಾದ್ರೆ ತಪ್ಪು ಅವರದ್ದು" ಎಂದು ಹೇಳಿ ಅವಳು ರಬ್ಬರಿಗಾಗಿ ಪಕ್ಕದವಳತ್ತ ಕೈ ಚಾಚಿದಳು.