ಲೈಸೆನ್ಸ್ ಗಡಿ ದಾಟಿತು, ಶಿಕ್ಷೆ ದಾಟಲಿಲ್ಲ

ಜರ್ಮನಿಯಲ್ಲಿ ಪರೀಕ್ಷೆ ಪಾಸು ಮಾಡಿ ತಗೊಂಡ ನನ್ನ ಡ್ರೈವಿಂಗ್ ಲೈಸೆನ್ಸ್ ಫ್ರಾನ್ಸ್‌ನಲ್ಲೂ ನಡೆಯುತ್ತದೆ, ಪೋಲೆಂಡ್‌ನಲ್ಲೂ ನಡೆಯುತ್ತದೆ. ಯಾರೂ ಬೇರೆ ಕಾಗದ ಕೇಳುವುದಿಲ್ಲ. ಇಲ್ಲಿ ಬದುಕುವವರಿಗೆ ಇದೀಗ ಎಷ್ಟು ಮಾಮೂಲಿ ಅಂದರೆ ಇದರ ಹಿಂದೆ ಎಷ್ಟು ವರ್ಷಗಳ ಎಳೆದಾಟ ಇದೆ ಅಂತ ಯಾರೂ ಯೋಚಿಸುವುದಿಲ್ಲ. ನನಗೆ ಈ ವಿಷಯದಲ್ಲಿ ಆಸಕ್ತಿ ಜಾಸ್ತಿ, ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

2013ಕ್ಕೆ ಮುಂಚೆ ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ 110ಕ್ಕೂ ಹೆಚ್ಚು ಬಗೆಯ ಲೈಸೆನ್ಸ್‌ಗಳು ಓಡಾಡುತ್ತಿದ್ದವು. ಕೆಲವು ಕಾಗದದ್ದು, ಕೆಲವು ಪ್ಲಾಸ್ಟಿಕ್ಕಿನದ್ದು. ಜರ್ಮನಿಯ ತೀರಾ ಹಳೆಯದು ಬೂದು ಬಣ್ಣದ, ಬಟ್ಟೆಯ ಹಾಗಿರುವ ಕಾಗದ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು ಒಮ್ಮೆ ತಮ್ಮದನ್ನು ತೆಗೆದು ತೋರಿಸಿದ್ದರು. ಮಡಿಕೆ ಬಿದ್ದ ಕಡೆ ಸವೆದುಹೋಗಿತ್ತು, ಸೀಲು ಅರ್ಧ ಅಳಿಸಿತ್ತು. ಫೋಟೋದಲ್ಲಿದ್ದವನು ತಲೆ ತುಂಬ ಗುಂಗುರು ಕೂದಲಿನ ಹುಡುಗ. ಎದುರಿಗೆ ಕೂತಿದ್ದವರಿಗೆ ರಿಟೈರ್ ಆಗುವ ವಯಸ್ಸು. ಲೈಸೆನ್ಸ್ ಜೀವನಪೂರ್ತಿಯದು, ಹಾಗಾಗಿ ಅದು ಆಗ ಪಕ್ಕಾ ಕಾನೂನುಬದ್ಧವಾಗಿತ್ತು. ಆದರೆ ಸ್ಪೇನಿನ ಹೈವೇಯಲ್ಲಿ ಗಾಡಿ ನಿಲ್ಲಿಸಿದ ಪೊಲೀಸ್‌ಗೆ ಆ ಹುಡುಗ ಇವರೇ ಅಂತ ಹೇಗೆ ಗೊತ್ತಾಗಬೇಕು? ಅದು ಅಸಲಿಯೋ ನಕಲಿಯೋ ಅಂತ ಹೇಗೆ ಹೇಳಬೇಕು?

ಒಂದೇ ಮಾದರಿ ಬೇಕು ಅನ್ನುವ ಮಾತು 1980ರಿಂದಲೇ ಇತ್ತು. ಆದರೆ ನಿಜವಾದ ಬದಲಾವಣೆ ಬಂದದ್ದು 1996ರ ಜುಲೈನಲ್ಲಿ. ಒಂದು ಸದಸ್ಯ ದೇಶ ಕೊಟ್ಟ ಲೈಸೆನ್ಸನ್ನು ಉಳಿದವರೂ ಒಪ್ಪಲೇಬೇಕು, ಬೇರೆ ದೇಶಕ್ಕೆ ಮನೆ ಬದಲಾಯಿಸಿದರೆ ಬದಲಿ ಲೈಸೆನ್ಸ್ ಮಾಡಿಸಬೇಕಾಗಿಲ್ಲ ಅನ್ನುವ ನಿಯಮ ಆಗ ಜಾರಿಗೆ ಬಂತು. ಆಮೇಲೆ 2006ರಲ್ಲಿ ಲೈಸೆನ್ಸ್ ಬಗೆಗಿನ ಮೂರನೇ ನಿರ್ದೇಶನ, ಅಂದರೆ ಸದಸ್ಯ ದೇಶಗಳೆಲ್ಲ ಜಾರಿಗೆ ತರಬೇಕಾದ ಒಕ್ಕೂಟದ ಕಾನೂನು, ಪಾಸಾಯಿತು. ಅದರ ಪ್ರಕಾರ 2013ರ ಜನವರಿ 19ರಿಂದ ಹೊಸದಾಗಿ ಕೊಡುವ ಎಲ್ಲ ಲೈಸೆನ್ಸ್‌ಗಳೂ ಎಟಿಎಂ ಕಾರ್ಡ್ ಅಳತೆಯ, ಗುಲಾಬಿ ಬಣ್ಣದ ಪ್ಲಾಸ್ಟಿಕ್ ಕಾರ್ಡುಗಳು. ಹಳೆಯವನ್ನೆಲ್ಲ 2033ರ ಜನವರಿ 19ರ ಒಳಗೆ ಬದಲಾಯಿಸಬೇಕು. ನಾರ್ವೆ, ಐಸ್‌ಲ್ಯಾಂಡ್, ಲಿಕ್ಟನ್‌ಸ್ಟೈನ್ ಒಕ್ಕೂಟದಲ್ಲಿಲ್ಲ, ಆದರೂ ಈ ವ್ಯವಸ್ಥೆಯಲ್ಲಿವೆ.

ಈ ಕಾರ್ಡಿನಲ್ಲಿ ನನಗೆ ತುಂಬ ಇಷ್ಟವಾಗುವುದು ಅದರ ಮೇಲಿನ ಸಣ್ಣ ಅಂಕಿಗಳು. 1 ಅಂದರೆ ಮನೆತನದ ಹೆಸರು, 2 ಸ್ವಂತ ಹೆಸರು, 3 ಹುಟ್ಟಿದ ದಿನ ಮತ್ತು ಊರು, 4ಎ ಕೊಟ್ಟ ದಿನ, 4ಬಿ ಮುಗಿಯುವ ದಿನ, 5 ಲೈಸೆನ್ಸ್ ನಂಬರ್. ಇಪ್ಪತ್ತಕ್ಕೂ ಹೆಚ್ಚು ಭಾಷೆ, ಮೂರು ಲಿಪಿ ಇರುವ ಒಕ್ಕೂಟದಲ್ಲಿ ಇದಕ್ಕಿಂತ ಸರಳವಾದ ದಾರಿ ಇನ್ನೇನಿದೆ ಹೇಳಿ? ಬಲ್ಗೇರಿಯಾದ ಕಾರ್ಡ್ ಪೋರ್ಚುಗಲ್ ಪೊಲೀಸಿನ ಕೈಗೆ ಬಂದರೂ ಅವರು 4ಬಿ ನೋಡಿದರೆ ಸಾಕು. ಹಿಂಬದಿಯಲ್ಲಿ ವಾಹನಗಳ ಪುಟ್ಟ ಚಿತ್ರಗಳು, ಪಕ್ಕದಲ್ಲಿ ತಾರೀಖುಗಳು, ಕೊನೆಯ ಕಾಲಂನಲ್ಲಿ ಕೋಡ್‌ಗಳು. 01 ಇದ್ದರೆ ಕನ್ನಡಕವೋ ಲೆನ್ಸೋ ಹಾಕಿಕೊಂಡೇ ಓಡಿಸಬೇಕು. 78 ಇದ್ದರೆ ಆಟೋಮ್ಯಾಟಿಕ್ ಗಾಡಿ ಮಾತ್ರ. 100 ಮತ್ತು ಅದಕ್ಕಿಂತ ಮೇಲಿನ ಕೋಡ್‌ಗಳು ಆಯಾ ದೇಶದವು, ಗಡಿ ದಾಟಿದರೆ ಅವಕ್ಕೆ ಬೆಲೆಯಿಲ್ಲ.

ಕಾರ್ಡ್ ಬದಲಾಯಿಸಬೇಕು ಅಂದಾಗ ಮತ್ತೆ ಪರೀಕ್ಷೆ ಬರೆಯಬೇಕಾ, ಇರುವ ಹಕ್ಕು ಹೋಗುತ್ತದಾ ಅಂತ ಹೆದರಿದವರನ್ನು ನಾನು ನೋಡಿದ್ದೇನೆ. ಎರಡೂ ಇಲ್ಲ. ಜರ್ಮನಿಯಲ್ಲಿ ಹಳೆಯ ಮೂರನೇ ದರ್ಜೆ, ಅಂದರೆ ಕಾರಿನ, ಲೈಸೆನ್ಸ್ ಇದ್ದವರು ಏಳೂವರೆ ಟನ್‌ವರೆಗಿನ ಲಾರಿ ಓಡಿಸಬಹುದಿತ್ತು, ಹೊಸ ಕಾರ್ಡಿನಲ್ಲೂ ಆ ಹಕ್ಕು ಹಾಗೇ ಉಳಿಯುತ್ತದೆ. ಹತ್ತು ಹದಿನೈದು ವರ್ಷಕ್ಕೊಮ್ಮೆ ಕಾರ್ಡ್ ಹೊಸದಾಗುತ್ತದೆ, ಫೋಟೋನೂ ಹೊಸದಾಗುತ್ತದೆ, ಅಷ್ಟೇ.

ಇಲ್ಲಿಯವರೆಗಿನದು ಒಳ್ಳೆಯ ಸುದ್ದಿ. ನನ್ನ ತಕರಾರು ಇರುವುದು ಬೇರೆ ಕಡೆ. ಓಡಿಸುವ ಹಕ್ಕು 1996ರಲ್ಲೇ ಗಡಿ ದಾಟಿತು, ಆದರೆ ಆ ಹಕ್ಕು ಕಿತ್ತುಕೊಳ್ಳುವ ಶಿಕ್ಷೆ ದಾಟಲೇ ಇಲ್ಲ. ಜರ್ಮನಿಯ ಲೈಸೆನ್ಸ್ ಇರುವವರು ಫ್ರಾನ್ಸ್‌ನಲ್ಲಿ ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದರು ಅಂತಿಟ್ಟುಕೊಳ್ಳಿ. ಫ್ರಾನ್ಸ್ ಅವರನ್ನು ತನ್ನ ನೆಲದಲ್ಲಿ ಓಡಿಸದಂತೆ ತಡೆಯಬಹುದು, ಅದರಾಚೆ ಏನೂ ಮಾಡೋಕಾಗಲ್ಲ, ಯಾಕೆಂದರೆ ಲೈಸೆನ್ಸ್ ಕೊಟ್ಟದ್ದು ಅದಲ್ಲ. ಅವರು ಮನೆಗೆ ವಾಪಸ್ ಬಂದು ಮಾರನೇ ದಿನ ಆರಾಮಾಗಿ ಗಾಡಿ ತೆಗೆಯಬಹುದು. ಅಪಘಾತದಲ್ಲಿ ಯಾರಾದರೂ ಸತ್ತಿದ್ದರೆ ಅವರ ಮನೆಯವರಿಗೆ ಇದನ್ನು ಏನಂತ ವಿವರಿಸುವುದು?

ಇನ್ನೊಂದು ಕಳ್ಳದಾರಿಯೂ ಇತ್ತು. ಕುಡಿದು ಓಡಿಸಿ ಲೈಸೆನ್ಸ್ ಕಳೆದುಕೊಂಡವರಿಗೆ ಜರ್ಮನಿ ಸುಮ್ನೆ ಇನ್ನೊಂದು ಕೊಡುವುದಿಲ್ಲ. ರಕ್ತದಲ್ಲಿ ಆಲ್ಕೋಹಾಲ್ ಜಾಸ್ತಿ ಇದ್ದಿದ್ದರೆ, ಅಥವಾ ಮತ್ತೆ ಮತ್ತೆ ಸಿಕ್ಕಿಬಿದ್ದಿದ್ದರೆ, ವೈದ್ಯಕೀಯ ಮತ್ತು ಮಾನಸಿಕ ತಪಾಸಣೆಯಲ್ಲಿ ಪಾಸಾಗಬೇಕು. ಅದನ್ನು ತಪ್ಪಿಸಿಕೊಳ್ಳಲು ಜನ ಪಕ್ಕದ ಚೆಕ್ ಗಣರಾಜ್ಯಕ್ಕೋ ಪೋಲೆಂಡ್‌ಗೋ ಹೋಗಿ ಹೊಸ ಲೈಸೆನ್ಸ್ ಮಾಡಿಸಿಕೊಂಡು ಬರತೊಡಗಿದರು. ಜರ್ಮನಿ ಒಪ್ಪಲ್ಲ ಅಂದಿತು. ಲಕ್ಸೆಂಬರ್ಗ್‌ನಲ್ಲಿರುವ ಯುರೋಪಿನ ನ್ಯಾಯಾಲಯ, ಇನ್ನೊಂದು ಸದಸ್ಯ ದೇಶ ಕೊಟ್ಟದ್ದನ್ನು ಒಪ್ಪಲೇಬೇಕು ಅಂತ ಮತ್ತೆ ಮತ್ತೆ ಹೇಳಿತು. ಕೊನೆಗೆ 2008ರಲ್ಲಿ ಒಂದು ಬಿಗಿ ಬಂತು, ಅದೂ ಕಾರ್ಡಿನ 8ನೇ ಅಂಕಿಯಿಂದ. ಅಲ್ಲಿ ಬರೆಯುವುದು ವಾಸದ ವಿಳಾಸ. ಚೆಕ್ ಲೈಸೆನ್ಸ್ ಮೇಲೆ ಜರ್ಮನಿಯ ಊರಿನ ಹೆಸರಿದ್ದರೆ, ಆ ವ್ಯಕ್ತಿ ಚೆಕ್ ನೆಲದಲ್ಲಿ ವಾಸವಿರಲೇ ಇಲ್ಲ ಅಂತ ಕಾರ್ಡೇ ಹೇಳುತ್ತದಲ್ವಾ? ವರ್ಷದಲ್ಲಿ ಕನಿಷ್ಠ 185 ದಿನ ಇರುವ ದೇಶದಲ್ಲೇ ಲೈಸೆನ್ಸ್ ಮಾಡಿಸಬೇಕು ಅನ್ನುವುದು ನಿಯಮ. ಅಂಥ ಕಾರ್ಡನ್ನು ಜರ್ಮನಿ ತಳ್ಳಿಹಾಕಬಹುದು ಅಂತ ನ್ಯಾಯಾಲಯ ಒಪ್ಪಿತು. ಮೂರನೇ ನಿರ್ದೇಶನವಂತೂ ಒಂದು ದೇಶ ಲೈಸೆನ್ಸ್ ಕಿತ್ತುಕೊಂಡವರಿಗೆ ಇನ್ನೊಂದು ದೇಶ ಕೊಡಲೇಬಾರದು ಅಂತ ಕಟ್ಟುನಿಟ್ಟು ಮಾಡಿತು. ದೇಶಗಳ ಕಚೇರಿಗಳು ಪರಸ್ಪರ ಮಾಹಿತಿ ನೋಡಿಕೊಳ್ಳಲು ಒಂದು ಜಾಲವೂ ಬಂತು.

2025ರ ಅಕ್ಟೋಬರ್‌ನಲ್ಲಿ ಯುರೋಪಿನ ಸಂಸತ್ತು ಲೈಸೆನ್ಸ್ ಬಗ್ಗೆ ಹೊಸ ನಿಯಮಗಳಿಗೆ ಒಪ್ಪಿಗೆ ಕೊಟ್ಟಿತು. ಫೋನಿನಲ್ಲೇ ಇಟ್ಟುಕೊಳ್ಳುವ ಲೈಸೆನ್ಸ್, ಹೊಸಬರಿಗೆ ಎರಡು ವರ್ಷದ ಪರೀಕ್ಷಾ ಅವಧಿ, ಪಕ್ಕದಲ್ಲಿ ಅನುಭವಸ್ಥರು ಕೂತಿದ್ದರೆ 17ಕ್ಕೇ ಕಾರು ಓಡಿಸಲು ಅವಕಾಶ, ಇವೆಲ್ಲ ಅದರಲ್ಲಿವೆ. ಪೇಪರ್‌ಗಳಲ್ಲಿ ಫೋನ್ ಲೈಸೆನ್ಸ್ ಬಗ್ಗೆಯೇ ಜಾಸ್ತಿ ಬಂತು. ನನಗೆ ಮುಖ್ಯ ಅನ್ನಿಸಿದ್ದು ಮಾತ್ರ ಶಿಕ್ಷೆಯೂ ಗಡಿ ದಾಟುತ್ತದೆ ಅನ್ನುವುದು. ಕುಡಿದು ಓಡಿಸಿದರೆ, ಸಾವಿಗೆ ಕಾರಣವಾದರೆ, ಮಿತಿಗಿಂತ 50 ಕಿಲೋಮೀಟರ್ ವೇಗ ಮೀರಿದರೆ, ತಪ್ಪು ನಡೆದ ದೇಶ ಲೈಸೆನ್ಸ್ ಕೊಟ್ಟ ದೇಶಕ್ಕೆ ತಿಳಿಸುತ್ತದೆ, ನಿಷೇಧ ಒಕ್ಕೂಟದ ತುಂಬ ಅನ್ವಯವಾಗುತ್ತದೆ. ಇದನ್ನು 1996ರಲ್ಲೇ ಜೊತೆಗೇ ಮಾಡಬೇಕಿತ್ತು.

ಇನ್ನೂ ಒಂದು ತೂತು ಉಳಿದಿದೆ. ಇಟಲಿಯಲ್ಲಿ 50 ದಾಟಿದವರು ಐದು ವರ್ಷಕ್ಕೊಮ್ಮೆ, 70 ದಾಟಿದವರು ಮೂರು ವರ್ಷಕ್ಕೊಮ್ಮೆ, 80 ದಾಟಿದವರು ಎರಡು ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಮಾಡಿಸಿ ಲೈಸೆನ್ಸ್ ನವೀಕರಿಸಬೇಕು. ಜರ್ಮನಿಯಲ್ಲಿ ಕಾರು ಓಡಿಸುವವರಿಗೆ ವಯಸ್ಸಾಯಿತು ಅನ್ನುವ ಕಾರಣಕ್ಕೆ ಅಂಥ ಯಾವ ತಪಾಸಣೆಯೂ ಇಲ್ಲ. ಹೊಸ ನಿಯಮವೂ ವೈದ್ಯರ ತಪಾಸಣೆಯೋ ಅಥವಾ ಓಡಿಸುವವರೇ ತುಂಬಿಕೊಡುವ ಫಾರಮ್ಮೋ ಅನ್ನುವುದನ್ನು ಆಯಾ ದೇಶಕ್ಕೆ ಬಿಟ್ಟಿದೆ. ತನ್ನ ಕಣ್ಣು ಮಂದವಾಗುತ್ತಿದೆ ಅಂತ ಯಾರು ತಾವಾಗಿಯೇ ಬರೆದುಕೊಡುತ್ತಾರೆ? ಹಿರಿಯರಿಂದ ಕಾರು ಕಿತ್ತುಕೊಳ್ಳಿ ಅಂತ ನಾನು ಹೇಳುತ್ತಿಲ್ಲ, ಹಳ್ಳಿಗಳಲ್ಲಿ ಬಸ್ಸೇ ಇಲ್ಲದ ಕಡೆ ಅವರಿಗೆ ಕಾರೇ ಕೈಕಾಲು. ಆದರೆ ಕಾರ್ಡಿನ ಬಣ್ಣ, ಅಳತೆ, ಅಂಕಿಗಳನ್ನು ಇಷ್ಟು ಅಚ್ಚುಕಟ್ಟಾಗಿ ಒಂದೇ ಮಾಡಿದವರು, ಕನಿಷ್ಠ ಒಂದು ವಯಸ್ಸಾದ ಮೇಲೆ ಕಣ್ಣಿನ ಪರೀಕ್ಷೆಯನ್ನಾದರೂ ಎಲ್ಲ ಕಡೆ ಕಡ್ಡಾಯ ಮಾಡಬಹುದಿತ್ತು.