ಅಕ್ಕಿಕಾಳಿನಷ್ಟು ಸೂಜಿ

ಬೆಳಿಗ್ಗೆ ಜಗಲಿಗೆ ಬಂದ ಕೂಡಲೇ ಪೆಟ್ರೋಲ್ ವಾಸನೆ.
ಅಪ್ಪನ ಹಳೇ ಬೈಕಿನ ಕೆಳಗೆ ಅಂಗೈಯಗಲ ಕಲೆ. ಎಂಜಿನ್ನಿಗೆ ಪೆಟ್ರೋಲ್ ಗಾಳಿ ಬೆರೆಸಿ ಕೊಡೋ ಕಾರ್ಬುರೇಟರಿನ ಓವರ್‌ಫ್ಲೋ ಪೈಪಿಂದ ತೊಟ್ಟು ತೊಟ್ಟು.

ಪೆಟ್ರೋಲ್ ಟ್ಯಾಪ್ ಮುಚ್ಚಿದೆ, ನಿಂತಿತು. ತೆರೆದೆ, ಮತ್ತೆ ಶುರು.

ಕಾರ್ಬುರೇಟರಿನ ತಳದಲ್ಲಿ ಪೆಟ್ರೋಲ್ ನಿಲ್ಲೋ ಬೌಲ್ ಬಿಚ್ಚಿದೆ. ಆ ಪೆಟ್ರೋಲ್ ಮೇಲೆ ತೇಲೋ ಫ್ಲೋಟನ್ನು ಕಿವಿ ಹತ್ರ ಹಿಡಿದು ಅಲ್ಲಾಡಿಸಿದೆ. ಒಳಗೆ ಕುಲುಕುವ ಸದ್ದಿಲ್ಲ, ಸದ್ಯ ತೂತಾಗಿಲ್ಲ.
ಆಮೇಲೆ ಫ್ಲೋಟ್ ನೀಡಲ್ ತೆಗೆದೆ, ಫ್ಲೋಟ್ ಮೇಲೆದ್ದಾಗ ಪೆಟ್ರೋಲ್ ಬರೋ ದಾರಿ ಮುಚ್ಚೋ ಸೂಜಿ. ಅಕ್ಕಿಕಾಳಿಗಿಂತ ಚೂರು ದೊಡ್ಡದು. ತುದಿಯ ಮೇಲೆ ಉಗುರಾಡಿಸಿದರೆ ಸುತ್ತಲೂ ಉಂಗುರದ ಹಾಗೆ ಸವೆದ ಗೆರೆ. ಫ್ಲೋಟ್ ಮೇಲೆದ್ದು ಎಷ್ಟೇ ಒತ್ತಲಿ, ಆ ಗೆರೆಯ ಸಂದಿಯಲ್ಲಿ ಪೆಟ್ರೋಲ್ ನುಸುಳತ್ತೆ.

ಆ ಗೆರೆಯನ್ನೇ ನೋಡ್ತಾ ಕೂತೆ. ಆಗುಂಬೆ ಘಾಟಿಯ 14 ತಿರುವುಗಳನ್ನು ಅಪ್ಪ ಹತ್ತಿಳಿದ ಅಷ್ಟೂ ವರ್ಷ ಇದು ತೆರೀತಾ ಮುಚ್ತಾ ಇತ್ತಲ್ಲ, ನಾವ್ಯಾರೂ ಕಾಣದ ಹಾಗೆ.

ಶಿವಮೊಗ್ಗದ ಅಂಗಡಿಯಲ್ಲಿ "ಇಡೀ ಕಾರ್ಬುರೇಟರೇ ಹೊಸದು ಹಾಕ್ಬಿಡಿ" ಅಂದ್ರು. ಮನಸ್ಸಾಗಲಿಲ್ಲ. ಬಾಡಿ ಇನ್ನೂ ಗಟ್ಟಿ ಇದೆ. ನೀಡಲ್, ಅದು ಕೂರೋ ಸೀಟು, ಬೌಲಿನ ಗ್ಯಾಸ್ಕೆಟ್ ಮಾತ್ರ ತಂದೆ.

ಸಂಜೆ ಜೋಡಿಸಿ, ಕೆಳಗೆ ಹಳೇ ಪೇಪರ್ ಹಾಸಿ, ಟ್ಯಾಪ್ ತೆರೆದಿಟ್ಟೆ. ಹೊರಗೆ ಜಿಟಿಜಿಟಿ ಮಳೆ.
ಅರ್ಧ ಗಂಟೆ ಬಿಟ್ಟು ಅಪ್ಪನೇ ಬಂದು ಬಗ್ಗಿ ಪೇಪರ್ ಮುಟ್ಟಿ ನೋಡಿದ್ರು.
"ಒಣಗೇ ಇದೆ ಕಣೋ."
ಆ ಸವೆದ ಸೂಜಿಯನ್ನ ಒರೆಸಿ ಜೇಬಿಗೆ ಹಾಕ್ಕೊಂಡ್ರು.