ಹನ್ನೊಂದನೇ ಡಬ್ಬಿ

ಕಾಲೇಜು ಪತ್ರಿಕೆಗೆ ನೆನಪಿನ ಲೇಖನ ಬೇಕು ಎಂಬ ಕರೆ ಬಂದ ದಿನ ಅಟ್ಟದಿಂದ ಒಂದು ಪೆಟ್ಟಿಗೆ ಇಳಿಸಿದೆ. ಅದರಲ್ಲಿ ನನ್ನ ಮೂರನೇ ಸೆಮಿಸ್ಟರಿನ ಡಿಸೈನ್ ಸ್ಟುಡಿಯೋ ಪ್ರಾಜೆಕ್ಟಿನ ಹನ್ನೊಂದು ಮಾತ್ರೆ ಡಬ್ಬಿಗಳಿವೆ. ಏಳು ರಟ್ಟಿನವು, ಎರಡು ಫೋಮಿನವು, ಎರಡು ತ್ರೀಡಿ ಪ್ರಿಂಟರಿನವು. ಒಂದೂ ಮಾರುಕಟ್ಟೆಯ ಮುಖ ಕಂಡಿಲ್ಲ. ಆದರೂ ಮನೆ ಬದಲಿಸಿದಾಗಲೆಲ್ಲ ಜೊತೆಗೇ ಬಂದಿವೆ.

ಕೊಟ್ಟ ವಿಷಯ ಇಷ್ಟೇ: ಬೆರಳು ಸಾಗದ ವಯಸ್ಸಾದವರು ವಾರದ ಮಾತ್ರೆ ಇಟ್ಟುಕೊಳ್ಳಲು ಡಬ್ಬಿ. ಎಂಟು ವಾರ ಸಮಯ. ಮೊದಲ ಎರಡು ವಾರ ನಾನು ಕಂಪ್ಯೂಟರ್ ಬಿಟ್ಟು ಏಳಲಿಲ್ಲ. ಏಳು ಖಾನೆ, ನುಣುಪು ಮೈ, ನೆರಳು ಬೆಳಕು ಎಲ್ಲ ಕೂಡಿಬಂದ ರೆಂಡರಿಂಗ್, ಅಂದರೆ ನಿಜವಾದ ವಸ್ತುವಿನಂತೆ ಕಾಣುವ ಕಂಪ್ಯೂಟರ್ ಚಿತ್ರ, ಮಾಡಿ ಸ್ಟುಡಿಯೋ ಗೋಡೆಗೆ ಅಂಟಿಸಿದೆ. ಸರ್ ಬಂದರು, ಕನ್ನಡಕ ಏರಿಸಿ ನೋಡಿದರು. "ಚೆನ್ನಾಗಿದೆ ಕಣಯ್ಯ. ಎಲ್ಲಿ, ತೆಗೆದು ತೋರಿಸು." ಹಾಳೆಯ ಮೇಲಿನ ಮುಚ್ಚಳ ತೆಗೆಯುವುದು ಹೇಗೆ? "ನಾಳೆ ಬೆಳಿಗ್ಗೆ ಮೂರು ಡಬ್ಬಿ ಮಾಡ್ಕೊಂಡು ಬಾ. ಎಷ್ಟು ಕೆಟ್ಟದಾಗಿರತ್ತೋ ಅಷ್ಟು ಒಳ್ಳೇದು" ಎಂದು ಪಕ್ಕದ ಮೇಜಿಗೆ ಹೊರಟುಹೋದರು.

ಆ ರಾತ್ರಿ ಸಿಟ್ಟಿನಲ್ಲೇ ರಟ್ಟು ಕತ್ತರಿಸಿದೆ. ಕೆಟ್ಟದ್ದು ಯಾಕೆ ಒಳ್ಳೆಯದು ಅನ್ನುವುದು ಆಮೇಲೆ ಅರ್ಥವಾಯಿತು. ನುಣ್ಣಗೆ ಮಾಡಿದ್ದನ್ನು ಕೈಗೆ ಕೊಟ್ಟರೆ ಜನ ಮೆಚ್ಚಿ ವಾಪಸ್ ಕೊಡುತ್ತಾರೆ. ಮಾಸ್ಕಿಂಗ್ ಟೇಪ್ ಸುತ್ತಿದ ರಟ್ಟು ಕೊಟ್ಟರೆ ಬಾಯಿಬಿಟ್ಟು ಬಯ್ಯುತ್ತಾರೆ. ಸರ್ ಸದಾ ಹೇಳುತ್ತಿದ್ದ ಕತೆ ಜೆಫ್ ಹಾಕಿನ್ಸ್ ಅವರದು. 1996ರಲ್ಲಿ ಬಂದ ಪಾಮ್ ಪೈಲಟ್ ಎಂಬ ಅಂಗೈಯಗಲದ ಕಂಪ್ಯೂಟರ್ ತಯಾರಾಗುವ ಮೊದಲು ಅವರು ಅದೇ ಅಳತೆಯ ಮರದ ತುಂಡೊಂದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದರು. ಯಾರಾದರೂ ಭೇಟಿಗೆ ಸಮಯ ಕೇಳಿದರೆ ಅದನ್ನು ಹೊರತೆಗೆದು, ಬರೆದುಕೊಂಡಂತೆ ನಟಿಸುತ್ತಿದ್ದರು. ಮರದ ತುಂಡಿಗೆ ಕೇಳಿದ್ದು ಒಂದೇ ಪ್ರಶ್ನೆ: ಇದನ್ನು ದಿನವಿಡೀ ಹೊತ್ತು ತಿರುಗುತ್ತೇನೆಯೇ?

ನನ್ನ ಪ್ರಶ್ನೆಗೆ ಉತ್ತರ ಕೊಟ್ಟವರು ಒಬ್ಬ ಅಜ್ಜಿ. ಸಂಧಿವಾತದಿಂದ ಬೆರಳ ಗೆಣ್ಣುಗಳು ಊದಿದ್ದವು. ನಾಲ್ಕನೇ ಡಬ್ಬಿಯಲ್ಲಿ ಮಾತ್ರೆ ಬದಲು ಅಂಗಿ ಗುಂಡಿ ತುಂಬಿ ಕೊಟ್ಟೆ. ಹೆಬ್ಬೆರಳಿಗೆಂದು ನಾನು ಮುಚ್ಚಳದಲ್ಲಿ ಬಿಟ್ಟಿದ್ದ ಪುಟ್ಟ ನಾಲಗೆಯನ್ನು ಅವರು ಎರಡು ಸಲ ಹಿಡಿದರು, ಎರಡು ಸಲವೂ ಜಾರಿತು. ಮೂರನೇ ಸಲ ಏನೂ ಯೋಚಿಸದೆ ಡಬ್ಬಿಯನ್ನು ಬಾಯಿಗೆ ತಂದು, ಮುಚ್ಚಳದ ಆ ನಾಲಗೆಯನ್ನು ಹಲ್ಲಲ್ಲಿ ಕಚ್ಚಿ ಎಳೆದರು. ಗುಂಡಿಗಳು ನೆಲದ ತುಂಬ. "ಹೀಗೇ ಅಲ್ವೇನಪ್ಪಾ ತೆಗೆಯೋದು?" ಎಂದರು, ನಿಜವಾಗಿಯೂ ಕೇಳುವವರ ಹಾಗೆ.

ವರ್ನಿಯರ್ ಕ್ಯಾಲಿಪರ್ ಹಿಡಿದು ಹತ್ತು ಜನರ ಹೆಬ್ಬೆರಳಿನ ಅಗಲ ಅಳೆದಿದ್ದವನು ನಾನು. ಎರಡು ಬೆರಳಲ್ಲಿ ಚಿವುಟಿ ಹಿಡಿಯುವುದೇ ಅಂಥ ಕೈಗೆ ನೋವು ಅನ್ನುವುದನ್ನು ಯಾವ ಅಳತೆಯೂ ಹೇಳಿರಲಿಲ್ಲ. ಐದನೆಯದರಿಂದ ಡಬ್ಬಿ ಕೈಯಿಂದ ಮೇಜಿಗೆ ಇಳಿಯಿತು. ಅಂಗೈ ಇಟ್ಟು ಮೈಭಾರ ಬಿಟ್ಟರೆ ಮುಚ್ಚಳ ತೆರೆದುಕೊಳ್ಳಬೇಕು, ಬೆರಳಿಗೆ ಕೆಲಸವೇ ಇರಬಾರದು.

ಫೋಮಿನ ಎರಡರ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಒರಟಾದ 80ರ ಸ್ಯಾಂಡ್‌ಪೇಪರಿನಿಂದ ನುಣುಪಾದ 400ರವರೆಗೆ ತಿಕ್ಕಿದ್ದು, ವಾರವಿಡೀ ಮೂಗಲ್ಲಿ ಹಳದಿ ಧೂಳು. ಪ್ರಿಂಟರಿನ ಪಾಠ ಬೇರೆ. 40 ಮಿಲಿಮೀಟರ್ ಬಾಯಿಗೆ 40 ಮಿಲಿಮೀಟರಿನದೇ ಮುಚ್ಚಳ ಮಾಡಿ, ಸುತ್ತಿಗೆಯಲ್ಲಿ ಬಡಿದರೂ ಕೂರದೆ ನಗೆಪಾಟಲಾದೆ. ಸುತ್ತಲೂ ಕೂದಲೆಳೆಯಷ್ಟು, 0.2 ಮಿಲಿಮೀಟರಾದರೂ ಸಂದು ಬಿಡಬೇಕಿತ್ತು. ಅರ ಹಿಡಿದು ಉಜ್ಜಿ ಹೇಗೋ ಕೂರಿಸಿದರೆ, ಮುಚ್ಚಳ ಹಿಡಿದಿಡುವ ಕೊಕ್ಕೆ ಮೂರನೇ ಸಲಕ್ಕೆ ಟಕ್ಕೆಂದು ಮುರಿಯಿತು. ವರ್ಕ್‌ಶಾಪ್ ನೋಡಿಕೊಳ್ಳುತ್ತಿದ್ದ ಅಣ್ಣ ಮುರಿದ ತುಂಡನ್ನು ಬೆಳಕಿಗೆ ಹಿಡಿದು, "ಕೊಕ್ಕೆನ ನೆಟ್ಟಗೆ ನಿಲ್ಲಿಸಿ ಪ್ರಿಂಟ್ ಮಾಡಿದ್ದೀರ. ಪದರದ ಮೇಲೆ ಪದರ ಕೂತಿರೋದು, ಬಗ್ಗಿಸಿದ್ರೆ ಪದರದ ನಡುವೆಯೇ ಬಿಡತ್ತೆ. ಮರಕ್ಕೆ ಎಳೆ ಇದ್ದ ಹಾಗೆ ಇದಕ್ಕೂ ಇದೆ" ಎಂದರು. ಕೊಕ್ಕೆಯನ್ನು ಮಲಗಿಸಿ ಪ್ರಿಂಟ್ ಮಾಡಿದೆ. ಅದು ಇವತ್ತಿಗೂ ಮುರಿದಿಲ್ಲ. ಬ್ರಿಟನ್ನಿನ ವಿನ್ಯಾಸಕ ಜೇಮ್ಸ್ ಡೈಸನ್ ಚೀಲವಿಲ್ಲದ ವ್ಯಾಕ್ಯೂಮ್ ಕ್ಲೀನರಿಗಾಗಿ 5,127 ಮಾದರಿ ಮಾಡಿದ್ದು ಕ್ಲಾಸಿಗೆಲ್ಲ ಬಾಯಿಪಾಠ. ನನ್ನ ಹನ್ನೊಂದನೆಯದು ಪ್ರಿಂಟರಿನಿಂದ ಇಳಿದಾಗ ಪಕ್ಕದ ಮೇಜಿನ ಗೆಳತಿ, "ಇನ್ನು 5,116 ಬಾಕಿ" ಎಂದಳು.

ಜ್ಯೂರಿಯ, ಅಂದರೆ ಪರೀಕ್ಷಕರ ಮುಂದೆ ಕೆಲಸ ತೋರಿಸುವ ದಿನ ಅಜ್ಜಿಯನ್ನೇ ಕರೆತಂದಿದ್ದೆ. ಅಂಗೈ ಒತ್ತಿದರು, ತೆರೆಯಿತು. ನಾನು ಗೆದ್ದೆ ಅಂದುಕೊಂಡೆ. ಹೊರಗಿನಿಂದ ಬಂದಿದ್ದ ಪರೀಕ್ಷಕಿ ಮಾತ್ರ, "ಇವರ ಮೊಮ್ಮಗು ಒತ್ತಿದರೆ?" ಎಂದರು. ಉತ್ತರ ಇರಲಿಲ್ಲ. ಔಷಧದ ಮುಚ್ಚಳಗಳಿಗೆ ಐಎಸ್‌ಒ 8317 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ, ಅದರಲ್ಲಿ 42ರಿಂದ 51 ತಿಂಗಳ ಮಕ್ಕಳ ಕೈಗೂ 50ರಿಂದ 70 ವರ್ಷದವರ ಕೈಗೂ ಕೊಟ್ಟು ನೋಡುತ್ತಾರೆ, ಮಕ್ಕಳಿಗೆ ತೆರೆಯಲು ಬರಬಾರದು, ಹಿರಿಯರಿಗೆ ಬರಬೇಕು ಎಂದು ಅವರೇ ತಿಳಿಸಿದರು. ಎಂಟು ವಾರದಲ್ಲಿ ನಾನು ಒಬ್ಬ ಮಗುವನ್ನೂ ಕರೆದಿರಲಿಲ್ಲ. ಅಂಕ ಸುಮಾರಾಗಿಯೇ ಬಂತು. ಆಗ ಅನ್ಯಾಯ ಅನ್ನಿಸಿತ್ತು.

ಮೊನ್ನೆ ಪೆಟ್ಟಿಗೆ ಇಳಿಸಿ ನೆಲದ ಮೇಲೆ ಡಬ್ಬಿಗಳನ್ನು ಸಾಲಾಗಿ ಇಡುತ್ತಿದ್ದಾಗ ಮೂರೂವರೆ ವರ್ಷದ ಮಗಳು ಬಂದು ಕೂತಳು. ಹನ್ನೊಂದನೆಯದನ್ನು ಅವಳ ಮುಂದಿಟ್ಟು ಸುಮ್ಮನೆ ನೋಡಿದೆ. ಒಮ್ಮೆ ಅಲ್ಲಾಡಿಸಿದಳು, ಅಂಗೈ ಇಟ್ಟು ಒತ್ತಿದಳು. ನಾಲ್ಕು ಸೆಕೆಂಡ್.